ಕಂದು ಹಂಚುವ ಮೊದಲು ಬುಡ ನೋಡಿ

ನಗರದ ತಾರಸಿಗಳಲ್ಲಿ ತುಳಸಿ, ದಾಸವಾಳ, ಕರಿಬೇವಿನ ಸಾಲಿಗೆ ಈಗ ಬಾಳೆಯೂ ಸೇರಿದೆ. ನರ್ಸರಿಯಿಂದ ಕೊಂಡವರಿದ್ದಾರೆ, ಊರಿನ ಹಿತ್ತಿಲಿಂದ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದವರಿದ್ದಾರೆ, ಪಕ್ಕದ ಮನೆಯವರು ಕೊಟ್ಟ ಕಂದನ್ನು, ಅಂದರೆ ಬುಡದ ಮರಿಯನ್ನು, ಬೇಡವೆನ್ನಲಾಗದೆ ನೆಟ್ಟವರೂ ಇದ್ದಾರೆ. ಮೊದಲ ಮಳೆಗಾಲದಲ್ಲಿ ಗಿಡ ಕಣ್ಣು ತುಂಬುವಂತೆ ಬೆಳೆಯುತ್ತದೆ. ಎರಡನೆಯ ಬೇಸಿಗೆಯ ಹೊತ್ತಿಗೆ ಅದೇ ಗಿಡದಲ್ಲಿ ಅಂಚು ಸುಟ್ಟ ಎಲೆ, ಮಣಿಕಟ್ಟಿನಷ್ಟೂ ದಪ್ಪವಿಲ್ಲದ ದಿಂಡು, ಬುಡದ ಸುತ್ತ ಒತ್ತೊತ್ತಾಗಿ ಎದ್ದ ನಾಲ್ಕಾರು ಮರಿಗಳು. ಮನೆಯವರು ದೊಡ್ಡ ಗಿಡವನ್ನು ಬದುಕಿಸಲು ಇನ್ನಷ್ಟು ಗೊಬ್ಬರ ಹಾಕುತ್ತಾರೆ, ಎರಡು ಹೊತ್ತು ನೀರು ಸುರಿಯುತ್ತಾರೆ. ಮರಿಗಳನ್ನು ಕಿತ್ತು ಬಂಧುಬಳಗಕ್ಕೆ ಹಂಚುತ್ತಾರೆ.

ಎರಡೂ ಕೆಲಸ ಪ್ರೀತಿಯಿಂದಲೇ ಆಗುತ್ತವೆ. ಆದರೆ ಮೊದಲನೆಯದು ಗಿಡವನ್ನು ಕೊಲ್ಲುತ್ತದೆ. ಎರಡನೆಯದು, ಗಿಡಕ್ಕೆ ಬಂದದ್ದು ರೋಗವಾಗಿದ್ದರೆ, ಅದನ್ನು ಹತ್ತು ಮನೆಗೆ ಒಯ್ಯುತ್ತದೆ. ಗೊಬ್ಬರದ ಲೆಕ್ಕ ಸ್ವಲ್ಪ ತಪ್ಪಿದರೂ ಬಾಳೆ ಸಹಿಸಿಕೊಳ್ಳುತ್ತದೆ. ಕಂದಿನ ಲೆಕ್ಕ ತಪ್ಪಿದರೆ ಸಹಿಸುವುದಿಲ್ಲ. ಯಾವ ಕಂದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು, ಯಾವುದನ್ನು ಯಾರಿಗೂ ಕೊಡಬಾರದು ಎಂಬುದನ್ನು ತಾರಸಿ ತೋಟದವರು ಕಲಿಯಲೇಬೇಕಾಗಿದೆ.

ಬಾಳೆ ಮರವಲ್ಲ, ದೈತ್ಯ ಗಾತ್ರದ ಮೃದು ಸಸ್ಯ. ಮದುವೆಯ ಚಪ್ಪರಕ್ಕೆ ಕಟ್ಟುವ ಕಂಬವೆಂದರೆ ಎಲೆಗಳ ಬುಡದ ಪಟ್ಟೆಗಳು ಒಂದನ್ನೊಂದು ಸುತ್ತಿಕೊಂಡು ಆದ ಸುರುಳಿ ಅಷ್ಟೆ. ನಿಜವಾದ ಕಾಂಡ ಮಣ್ಣಿನೊಳಗಿನ ಗಡ್ಡೆ. ಬೇರು ಹೊರಡುವುದು, ಎಲೆ ಹುಟ್ಟುವುದು, ಕಂದು ಮೊಳೆಯುವುದು ಎಲ್ಲವೂ ಅಲ್ಲಿಂದಲೇ. ಒಂದು ದಿಂಡು ಒಂದೇ ಸಲ ಗೊನೆ ಹಾಕುತ್ತದೆ, ಆಮೇಲೆ ಅದರ ಆಯಸ್ಸು ಮುಗಿಯಿತು. ತಿನ್ನುವ ಬಾಳೆಹಣ್ಣಿನಲ್ಲಿ ಮೊಳೆಯುವ ಬೀಜವೂ ಇಲ್ಲ. ಹಾಗಾಗಿ ಅಂಥ ಬಾಳೆಯ ವಂಶ ಸಹಜವಾಗಿ ಮುಂದುವರಿಯುವುದು ಕಂದಿನಿಂದ ಮಾತ್ರ. ಸೊರಗಿದ ಬಾಳೆಯನ್ನು ನೋಡುವಾಗ ಆ ಒಂದು ದಿಂಡಿನ ಬಗ್ಗೆ ಯೋಚಿಸಿ ಪ್ರಯೋಜನವಿಲ್ಲ. ಗಡ್ಡೆ ಹೇಗಿದೆ, ಅದರ ಮಕ್ಕಳು ಹೇಗಿದ್ದಾರೆ ಎಂದು ನೋಡಬೇಕು.

ಗಡ್ಡೆ ಇಲ್ಲದ ಬಾಳೆಗೆ ಬದುಕಿಲ್ಲ ಎಂಬುದಕ್ಕೆ ಪ್ರತಿ ವರ್ಷ ಆಯುಧಪೂಜೆಯೇ ಸಾಕ್ಷಿ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಜೋಡಿ ಲೆಕ್ಕದಲ್ಲಿ ಮಾರಾಟವಾಗುವ ಎಳೆಯ ಬಾಳೆಗಳು ಹಬ್ಬದ ಮರುದಿನ ರಸ್ತೆ ಬದಿಯಲ್ಲಿ ರಾಶಿ ಬಿದ್ದಿರುತ್ತವೆ. ಹಸಿರಾಗಿಯೇ ಇವೆಯಲ್ಲ ಎಂದು ಮನೆಗೆ ಒಯ್ದು ಕುಂಡದಲ್ಲಿ ಊರುವವರುಂಟು. ಬುಡದಲ್ಲಿ ಗಡ್ಡೆಯ ತುಂಡು ಉಳಿದಿಲ್ಲವಾದರೆ ಅದು ಚಿಗುರುವುದಿಲ್ಲ.

ಹಾಗಾದರೆ ಬಾಳೆಗೆ ಕುಂಡ ಒಗ್ಗುವುದೇ ಇಲ್ಲವೇ? ಒಗ್ಗುತ್ತದೆ. ಇಂದು ಜಗತ್ತಿನ ಅಂಗಡಿಗಳನ್ನು ಆಳುತ್ತಿರುವ ಬಾಳೆಯ ಕಥೆಯೇ ಕಟ್ಟಿದ ಜಾಗವೊಂದರಲ್ಲಿ ನಡೆದದ್ದು. ಇಂಗ್ಲೆಂಡಿನ ಚಾಟ್ಸ್‌ವರ್ತ್ ಅರಮನೆಯಲ್ಲಿ ಡೆವನ್‌ಶೈರಿನ ಆರನೇ ಡ್ಯೂಕ್ ವಿಲಿಯಂ ಕ್ಯಾವೆಂಡಿಶ್ ಬಳಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರನಿದ್ದ. ಮಾರಿಷಸ್‌ನಿಂದ ಇಂಗ್ಲೆಂಡಿಗೆ ಬಂದಿದ್ದ ಗಿಡ್ಡ ಬಾಳೆಯೊಂದು 1830ರ ಸುಮಾರಿಗೆ ಅವನ ಕೈಸೇರಿತು. ಗಾಜಿನ ಮನೆಯೊಳಗೆ ಗುಂಡಿ ಮಾಡಿ, ಫಲವತ್ತಾದ ಮಣ್ಣು ಮತ್ತು ಚೆನ್ನಾಗಿ ಕಳಿತ ಗೊಬ್ಬರ ತುಂಬಿ, ಧಾರಾಳವಾಗಿ ನೀರು ಕೊಟ್ಟು, ಬೆಚ್ಚಗೆ ಇಟ್ಟು ಅವನು ಅದನ್ನು ಸಾಕಿದ. ಗಿಡ ಹೂ ಬಿಟ್ಟದ್ದು 1835ರ ನವೆಂಬರಿನಲ್ಲಿ. ಮರುವರ್ಷ ನೂರಕ್ಕೂ ಹೆಚ್ಚು ಕಾಯಿ ಕಟ್ಟಿ, ತೋಟಗಾರಿಕೆ ಸಂಘದ ಪ್ರದರ್ಶನದಲ್ಲಿ ಪದಕವನ್ನೂ ಗೆದ್ದಿತು. ಕೆಲವೇ ವರ್ಷಗಳಲ್ಲಿ ಅದರ ಸಸಿಗಳನ್ನು ಜಾನ್ ವಿಲಿಯಮ್ಸ್ ಎಂಬ ಮಿಷನರಿ ಸಮೋವಾ ದ್ವೀಪಕ್ಕೆ ಒಯ್ದರು. ಒಡೆಯನ ಹೆಸರೇ ತಳಿಗೂ ಅಂಟಿ ಅದು ಕ್ಯಾವೆಂಡಿಶ್ ಆಯಿತು. ಕರ್ನಾಟಕದ ಸಂತೆಗಳಲ್ಲಿ ಪಚ್ಚಬಾಳೆ ಎಂದು ತೂಗುವುದು, ನರ್ಸರಿಗಳಲ್ಲಿ ಜಿ-9 ಎಂದು ಮಾರುವುದು ಇದೇ ಬಳಗ.

ಪ್ಯಾಕ್ಸ್‌ಟನ್ ಕೊಟ್ಟದ್ದು ಮಣ್ಣು, ಗೊಬ್ಬರ, ನೀರು, ಬೆಚ್ಚಗಿನ ಗಾಳಿ, ಬೇರಿಗೆ ಜಾಗ. ಕರ್ನಾಟಕದಲ್ಲಿ ಬೆಚ್ಚಗಿನ ಗಾಳಿಯನ್ನು ಪ್ರಕೃತಿಯೇ ಕೊಟ್ಟಿದೆ. ಕೊರತೆ ಇರುವುದು ಜಾಗಕ್ಕೆ. ಬಾಳೆಯ ಬೇರು ಆಳಕ್ಕಿಂತ ಅಗಲಕ್ಕೆ ಹರಡುತ್ತದೆ. ಹೆಚ್ಚಿನವು ಮೇಲಿನ ಒಂದು, ಒಂದೂವರೆ ಅಡಿ ಮಣ್ಣಿನಲ್ಲೇ ಇರುತ್ತವೆ. ಹತ್ತು ಅಂಗುಲದ ಕುಂಡದಲ್ಲಿ ಈ ಬೇರುಗಳು ಗೋಡೆಗೆ ತಾಗಿ ಸುತ್ತುತ್ತಾ ಹೋಗುತ್ತವೆ. ಗೊನೆ ಬೇಕೆನ್ನುವವರಿಗೆ ಅರ್ಧಕ್ಕೆ ಕತ್ತರಿಸಿದ ನೀಲಿ ಡ್ರಮ್ಮು, ಅಂದರೆ ಸುಮಾರು 100 ಲೀಟರಿನ ತೊಟ್ಟಿ ಬೇಕು. ನೆನೆದ ಮಣ್ಣು ತುಂಬಿದ ಅಂಥ ತೊಟ್ಟಿ ಒಂದೂವರೆ ಕ್ವಿಂಟಾಲ್ ತೂಗುತ್ತದೆ. ಅದನ್ನು ತಾರಸಿಯ ನಡುವೆ ಇಡದೆ ಗೋಡೆಯ ಅಥವಾ ತೊಲೆಯ ಮೇಲೆ ಬರುವಂತೆ ಇಡಬೇಕು. ತಳಿಯ ಆಯ್ಕೆಯೂ ಮುಖ್ಯ. ಗಿಡ್ಡ ಪಚ್ಚಬಾಳೆ ಐದಾರು ಅಡಿಯಲ್ಲಿ ನಿಲ್ಲುತ್ತದೆ. ಏಲಕ್ಕಿ ಬಾಳೆ ಅದರ ಎರಡರಷ್ಟು ಎತ್ತರ ಹೋಗಿ ಮೊದಲ ಬಿರುಗಾಳಿಗೇ ತೊಟ್ಟಿ ಸಮೇತ ಉರುಳುತ್ತದೆ. ಎಷ್ಟೋ ನರ್ಸರಿಗಳಲ್ಲಿ ಗಿಡಕ್ಕೆ 'ಬಾಳೆ' ಎಂಬ ಚೀಟಿ ಮಾತ್ರ ಇರುತ್ತದೆ, ಯಾವ ಬಾಳೆ ಎಂದು ಮಾರುವವರಿಗೇ ತಿಳಿದಿರುವುದಿಲ್ಲ. ಕುಂಡಕ್ಕೆ ಕೊಳ್ಳುವವರಿಗೆ ಇದು ಸಣ್ಣ ಅನ್ಯಾಯವಲ್ಲ.

ಸೊರಗಿದ ಗಿಡ ಮುಂದಿದ್ದಾಗ ಮೊದಲು ಮಾಡಬೇಕಾದದ್ದು ಬುಡ ಮುಟ್ಟಿ ನೋಡುವುದು. ಮಣ್ಣಿಗೆ ತಾಗುವ ಕಡೆ ದಿಂಡನ್ನು ಹೆಬ್ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿದೆಯೇ, ಮೆತ್ತಗಾಗಿ ನೀರು ಜಿನುಗುತ್ತದೆಯೇ ತಿಳಿಯುತ್ತದೆ. ಮೆತ್ತಗಾಗಿ ಕೆಟ್ಟ ವಾಸನೆ ಬಂದರೆ ಕೊಳೆ ಹತ್ತಿದೆ ಎಂದೇ ಅರ್ಥ. ನಂತರ ಒಂದು ಬದಿಯ ಮಣ್ಣನ್ನು ಕೈಯಿಂದ ಸರಿಸಬೇಕು. ಆರೋಗ್ಯವಂತ ಬೇರು ಬಿಳಿಯಾಗಿ, ಪೆನ್ಸಿಲ್ಲಿನಷ್ಟು ತುಂಬಿಕೊಂಡು ಇರುತ್ತದೆ. ನೀರು ನಿಂತು ಸತ್ತ ಬೇರು ಕಪ್ಪಗಾಗಿರುತ್ತದೆ. ಎಳೆದರೆ ಮೇಲಿನ ಸಿಪ್ಪೆ ಕೈಗೆ ಬಂದು ಒಳಗಿನ ನಾರು ಮಾತ್ರ ಉಳಿಯುತ್ತದೆ. ಇಂಥ ಗಿಡದ ಎಲೆ ಬಾಡಿರುವುದು ನೀರು ಹೆಚ್ಚಾಗಿ. ಬಾಡಿತೆಂದು ಮತ್ತೆ ನೀರು ಹಾಕುವುದೇ ಕುಂಡದ ಬಾಳೆಗಳಿಗೆ ದೊಡ್ಡ ಶತ್ರು. ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಿಸಿಕೊಂಡರೆ ಬೇರು ಕೊಳೆಯುವುದರ ಜೊತೆಗೆ ಡೆಂಗಿ ಹರಡುವ ಸೊಳ್ಳೆಯೂ ಅಲ್ಲೇ ಮರಿ ಮಾಡುತ್ತದೆ. ಆ ತಟ್ಟೆಯನ್ನು ತೆಗೆದುಬಿಡುವುದೇ ಲೇಸು.

ಬೇರು ಚೆನ್ನಾಗಿದ್ದೂ ಎಲೆಯ ಅಂಚು ಸುಡುತ್ತಿದ್ದರೆ ಕುಂಡದ ಹೊರಮೈ ನೋಡಬೇಕು. ಬೋರ್‌ವೆಲ್‌ನ ಗಡಸು ನೀರು ಹಾಕುವ ಮನೆಗಳಲ್ಲಿ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿರುತ್ತದೆ. ನೆಲದಲ್ಲಾದರೆ ಆ ಉಪ್ಪು ಮಳೆಗೆ ಇಳಿದುಹೋಗುತ್ತದೆ, ಕುಂಡದಲ್ಲಿ ಬೇರಿನ ಸುತ್ತಲೇ ಕೂತುಬಿಡುತ್ತದೆ. ಮಳೆನೀರು ಹಿಡಿದು ತಳದ ತೂತಿನಿಂದ ಸಾಕಷ್ಟು ಹರಿದುಹೋಗುವಂತೆ ಒಮ್ಮೆ ಸುರಿದರೆ ಗಿಡ ಚೇತರಿಸುತ್ತದೆ. ಹಳೆಯ ಎಲೆಗಳು ಕಿತ್ತಳೆ ಮಿಶ್ರಿತ ಹಳದಿಗೆ ತಿರುಗಿ ತುದಿಯಿಂದ ಒಣಗುತ್ತಾ ಬಂದರೆ ಪೊಟ್ಯಾಶ್ ಸಾಲದು ಎಂದು ತಿಳಿಯಬೇಕು. ಬಾಳೆಗೆ ಸಾರಜನಕಕ್ಕಿಂತ ಪೊಟ್ಯಾಶ್ ಹೆಚ್ಚು ಬೇಕು. ತಿಂಗಳಿಗೊಂದು ಹಿಡಿ ಕಟ್ಟಿಗೆಯ ಬೂದಿ, ಕಳಿತ ಸೆಗಣಿ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಕೊಟ್ಟರೆ ಮನೆಯ ಕುಂಡಕ್ಕೆ ಸಾಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಾಳೆಗೆಂದೇ ಲಘು ಪೋಷಕಾಂಶಗಳ ಪುಡಿಯನ್ನೂ ಸಿದ್ಧಪಡಿಸಿದೆ, ಎಲೆಗೆ ಸಿಂಪಡಿಸಬಹುದು. ಹಸಿ ಬಾಳೆ ಸಿಪ್ಪೆಯನ್ನು ನೇರವಾಗಿ ಬುಡಕ್ಕೆ ಹೂಳುವ ಅಭ್ಯಾಸ ಈಚೆಗೆ ಹೆಚ್ಚಾಗಿದೆ. ಅದು ನೊಣ ತರಿಸುವುದೇ ಹೆಚ್ಚು. ಮೊದಲು ಕಾಂಪೋಸ್ಟ್ ಆಗಲಿ, ಆಮೇಲೆ ಹಾಕಲಿ.

ಗಾಳಿಗೆ ಎಲೆ ಸೀಳುವುದು ರೋಗವಲ್ಲ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳವಣಿಗೆ ನಿಲ್ಲುವುದೂ ರೋಗವಲ್ಲ. ತಾಪಮಾನ 14–15 ಡಿಗ್ರಿಗೆ ಇಳಿದರೆ ಬಾಳೆ ಬೆಳೆಯುವುದನ್ನೇ ನಿಲ್ಲಿಸುತ್ತದೆ, ಆಗ ನೀರು ಕಡಿಮೆ ಮಾಡಿ ಗೊಬ್ಬರ ನಿಲ್ಲಿಸಿದರೆ ಆಯಿತು.

ಇನ್ನು ಕಂದಿನ ಮಾತು. ಒಂದು ಕುಂಡದಲ್ಲಿ ಒಂದು ತಾಯಿ, ಒಂದು ಮರಿ: ಇದಕ್ಕಿಂತ ಹೆಚ್ಚು ಇರಕೂಡದು. ತೋಟದಲ್ಲೂ ರೈತರು ಗೊನೆ ಹೊರಡುವವರೆಗೆ ಕಂದು ಕಡಿಯುತ್ತಲೇ ಇರುತ್ತಾರೆ, ಆಮೇಲೆ ಒಂದನ್ನು ಬಿಟ್ಟುಕೊಳ್ಳುತ್ತಾರೆ. ಎಕರೆಗಟ್ಟಲೆ ಮಣ್ಣಿರುವ ಕಡೆಯೇ ಈ ಎಚ್ಚರಿಕೆ ಇರುವಾಗ, ಒಂದು ಡ್ರಮ್ಮಿನ ಮಣ್ಣನ್ನು ಆರು ಜೀವಗಳು ಹಂಚಿಕೊಳ್ಳಬೇಕೆಂದರೆ ಯಾವುದೂ ಉದ್ಧಾರವಾಗುವುದಿಲ್ಲ. ಬಾಳೆ ಮಂಗಳದ ಗಿಡ, ಅದರ ಮರಿಗೆ ಕತ್ತಿ ಹಾಕುವುದು ಹೇಗೆಂದು ಹಿಂಜರಿಯುವ ಹಿರಿಯರಿದ್ದಾರೆ. ಅವರ ಮನಸ್ಸಿಗೆ ಗೌರವ ಕೊಟ್ಟೇ ಹೇಳಬೇಕು: ತೆಗೆಯದೆ ಬಿಟ್ಟರೆ ತಾಯಿಯೂ ಸೊರಗುತ್ತದೆ, ಮಕ್ಕಳೂ ಬಡಕಲಾಗುತ್ತವೆ.

ಯಾವ ಮರಿ ಉಳಿಯಬೇಕು ಎನ್ನುವುದನ್ನು ಎಲೆಯೇ ಹೇಳುತ್ತದೆ. ಕತ್ತಿಯಂತೆ ಕಿರಿದಾದ ಎಲೆ, ದಪ್ಪ ಬುಡ ಇರುವ ಕಂದು ತಾಯಿಗಡ್ಡೆಯ ಆಳದಿಂದ ಎದ್ದದ್ದು, ಅದಕ್ಕೆ ಬಲವಿದೆ. ಅಂಗೈ ಎತ್ತರದಲ್ಲೇ ಅಗಲ ಎಲೆ ಬಿಚ್ಚಿ ಚೆಂದ ಕಾಣುವುದು ನೀರುಕಂದು. ಗಡ್ಡೆಗೂ ಅದಕ್ಕೂ ನಂಟು ಸಡಿಲ, ಮುಂದೆ ಅದರಿಂದ ಒಳ್ಳೆಯ ಗೊನೆ ಬರುವುದು ಅಪರೂಪ. ನೋಟಕ್ಕೆ ಮರುಳಾಗಿ ಹೆಚ್ಚಿನವರು ಉಳಿಸಿಕೊಳ್ಳುವುದು ಇದನ್ನೇ.

ಬೇರ್ಪಡಿಸಲು ಒಳ್ಳೆಯ ಕಾಲ ಮುಂಗಾರಿನ ಆರಂಭ. ಕಂದು ಎರಡು ಮೂರು ಅಡಿ ಬೆಳೆದು ಸ್ವಂತ ಬೇರು ಬಿಟ್ಟಿರಬೇಕು. ಮಣ್ಣು ಸರಿಸಿದರೆ ತಾಯಿಗಡ್ಡೆಗೂ ಮರಿಗೂ ನಡುವೆ ಕಿರಿದಾದ ಕುತ್ತಿಗೆ ಕಾಣುತ್ತದೆ. ಬೆಂಕಿಗೆ ಹಿಡಿದು ಅಥವಾ ಸ್ಪಿರಿಟ್‌ನಲ್ಲಿ ಒರೆಸಿ ಶುಚಿಗೊಳಿಸಿದ ಚೂಪಾದ ಕತ್ತಿಯನ್ನು ಅಲ್ಲಿಟ್ಟು, ತಾಯಿಯ ಕಡೆಗೆ ಸ್ವಲ್ಪ ಓರೆಯಾಗಿ ಒಂದೇ ಒತ್ತಿಗೆ ಇಳಿಸಬೇಕು. ಮರಿಯೊಂದಿಗೆ ಗಡ್ಡೆಯ ಭಾಗ ಬರಲೇಬೇಕು. ಬರದಿದ್ದರೆ ಕೈಗೆ ಬಂದದ್ದು ಬರೀ ಎಲೆಯ ಸುರುಳಿ. ಗಡ್ಡೆಯ ಮೈಯನ್ನು ತೆಳುವಾಗಿ ಹೆರೆದು ನೋಡಿದಾಗ ಸುರಂಗದಂಥ ತೂತುಗಳು ಕಂಡರೆ ಗಡ್ಡೆ ಕೊರೆಯುವ ಹುಳು ಸೇರಿದೆ ಎಂದರ್ಥ, ಅದನ್ನು ನೆಡಬಾರದು. ಬಿಳಿಯಾಗಿ ಶುಚಿಯಾಗಿದ್ದರೆ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಗಾಯ ಒಣಗಲು ಒಂದು ದಿನ ನೆರಳಿನಲ್ಲಿಟ್ಟು, ಮೊದಲಿದ್ದ ಆಳಕ್ಕೇ ಹೊಸ ಮಣ್ಣಿನಲ್ಲಿ ನೆಡಬೇಕು. ಒಮ್ಮೆ ಚೆನ್ನಾಗಿ ನೀರು ಕೊಟ್ಟು, ಮೇಲ್ಮಣ್ಣು ಒಣಗುವವರೆಗೆ ಕಾಯಬೇಕು. ಇದ್ದ ಎಲೆಗಳೆಲ್ಲ ಜೋತುಬಿದ್ದರೂ ಹೆದರಬೇಕಿಲ್ಲ. ನಡುವಿನ ಸುಳಿ ಗಟ್ಟಿಯಾಗಿ ನಿಂತಿದ್ದರೆ ಗಿಡ ಬದುಕಿದೆ.

ತಾಯಿಗಿಡದ ದಿಂಡಿನ ಮೇಲ್ಭಾಗ ಮಾತ್ರ ಕೊಳೆತಿದ್ದರೆ ಅದನ್ನೂ ಉಳಿಸಬಹುದು. ಬಿಳಿ ಪಟ್ಟೆ ಸಿಗುವವರೆಗೆ ಅಡ್ಡಲಾಗಿ ಕತ್ತರಿಸುತ್ತಾ ಬರಬೇಕು. ಬೆಳೆಯುವ ಮೊಗ್ಗು ಕೆಳಗೆ ಗಡ್ಡೆಯಲ್ಲಿ ಕುಳಿತಿರುವುದರಿಂದ, ಇನ್ನೂ ಹೂ ಹೊರಡದ ಗಿಡವಾದರೆ ಮರುದಿನವೇ ಕತ್ತರಿಸಿದ ಬಿಲ್ಲೆಯ ನಡುವಿನಿಂದ ಹೊಸ ಎಲೆಯ ಸುರುಳಿ ಅಂಗುಲದಷ್ಟು ಮೇಲೆದ್ದಿರುತ್ತದೆ. ಗೊನೆ ಕಡಿದ ಮೇಲೂ ದಿಂಡನ್ನು ಒಮ್ಮೆಲೇ ಬುಡಕ್ಕೆ ಕಡಿಯಬಾರದು. ಅದರಲ್ಲಿ ಉಳಿದ ನೀರು, ಸಾರ ಮರಿಗೆ ಇಳಿಯುತ್ತದೆ. ಬೆಳೆದಂತೆ ಗಡ್ಡೆ ಮಣ್ಣಿನಿಂದ ಮೇಲೇಳುವುದೂ ಬಾಳೆಯ ಸ್ವಭಾವ. ವರ್ಷಕ್ಕೊಮ್ಮೆ ಬುಡಕ್ಕೆ ಮಣ್ಣು ಏರಿಸಲು ಕುಂಡದ ಬಾಯಲ್ಲಿ ನಾಲ್ಕು ಬೆರಳು ಜಾಗ ಬಿಟ್ಟಿರಬೇಕು.

ಈವರೆಗೆ ಹೇಳಿದ್ದು ಉಪವಾಸದಿಂದಲೋ ಕೊಳೆಯಿಂದಲೋ ಸೊರಗಿದ ಬಾಳೆಯ ಮಾತು. ಅಂಥ ತಾಯಿಯ ಮರಿಯ ಗಡ್ಡೆ ಬಿಳಿಯಾಗಿ ಶುಚಿಯಾಗಿದ್ದರೆ ಹಂಚಲು ತಪ್ಪಿಲ್ಲ. ಎರಡು ಕಾಯಿಲೆಗಳ ಕಥೆ ಬೇರೆ.

ಒಂದು, ಬಂಚಿ ಟಾಪ್ ಎಂಬ ನಂಜು ರೋಗ. ಎಲೆಗಳು ಕಿರಿದಾಗಿ, ಸೆಟೆದು, ತುದಿಯಲ್ಲಿ ಗುಚ್ಛದಂತೆ ಒತ್ತಾಗುತ್ತವೆ. ಎಲೆಯ ತೊಟ್ಟಿನ ಮೇಲೆ ಚುಕ್ಕೆ, ಗೆರೆ, ಚುಕ್ಕೆ ಎಂಬಂತೆ ಕಡುಹಸಿರು ಗೀರುಗಳು ಕಾಣುತ್ತವೆ. ಬಾಳೆಯ ಹೇನು ಇದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ, ದೂರದ ಊರುಗಳಿಗೆ ಒಯ್ಯುವುದು ಮನುಷ್ಯ, ಕಂದಿನ ಮೂಲಕ. 1913ರಲ್ಲಿ ಫಿಜಿಯಿಂದ ತಂದ ಕಂದುಗಳೊಂದಿಗೆ ಆಸ್ಟ್ರೇಲಿಯಾ ತಲುಪಿದ ಈ ರೋಗ 1920ರ ದಶಕದಲ್ಲಿ ಅಲ್ಲಿನ ಬಾಳೆ ಕೃಷಿಯನ್ನು ನೆಲಕಚ್ಚಿಸಿತು. ಇಂದಿಗೂ ಕ್ವೀನ್ಸ್‌ಲ್ಯಾಂಡಿನಲ್ಲಿ ಮನೆಯ ಹಿತ್ತಿಲಲ್ಲಿ ಬಾಳೆ ನೆಡುವುದಕ್ಕೂ ಕಾನೂನಿನ ಕಟ್ಟುಪಾಡುಗಳಿವೆ. ಭಾರತದಲ್ಲಿ ಕೇರಳ, ತಮಿಳುನಾಡುಗಳಲ್ಲಿ ಹರಡಿ, ತಮಿಳುನಾಡಿನ ಬೆಟ್ಟಗಳ ವಿರೂಪಾಕ್ಷಿ ಬಾಳೆಯನ್ನು ಹಾಳುಗೆಡವಿತು. ಕೊಡಗಿನ ತೋಟಗಳಿಗೂ ಬಂದಿದೆ. ರೋಗ ಇರುವ ರಾಜ್ಯಗಳಿಂದ ಬಾಳೆ ಕಂದು ಸಾಗಿಸದಂತೆ ಕೇಂದ್ರ ಸರ್ಕಾರ 1959ರಲ್ಲೇ ನಿರ್ಬಂಧ ಹೇರಿತ್ತು. ಬಸ್ಸಿನಲ್ಲಿ ಕಂದು ತರುವವರಲ್ಲಿ ಇದನ್ನು ಕೇಳಿದವರೇ ಇಲ್ಲ.

ಎರಡನೆಯದು ಪನಾಮಾ ಸೊರಗು ರೋಗ. ಮಣ್ಣಿನ ಶಿಲೀಂಧ್ರದಿಂದ ಬರುವ ಇದರಲ್ಲಿ ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ಬುಡದಲ್ಲಿ ಮುರಿದು, ದಿಂಡಿನ ಸುತ್ತ ಜೋತುಬೀಳುತ್ತವೆ. ದಿಂಡನ್ನು ಸೀಳಿದರೆ ಒಳಗೆ ಕೆಂಪು ಮಿಶ್ರಿತ ಕಾಫಿ ಬಣ್ಣದ ಎಳೆಗಳು ಕಾಣುತ್ತವೆ. ಕಳೆದ ಶತಮಾನದ ನಡುಭಾಗದ ಹೊತ್ತಿಗೆ ಇದು ಗ್ರೋ ಮಿಷೆಲ್ ಎಂಬ ತಳಿಯನ್ನು ರಫ್ತು ಮಾರುಕಟ್ಟೆಯಿಂದಲೇ ಅಳಿಸಿಹಾಕಿತು, ಆ ಜಾಗಕ್ಕೆ ಬಂದದ್ದೇ ಕ್ಯಾವೆಂಡಿಶ್. ಈಗ ಕ್ಯಾವೆಂಡಿಶ್ ಅನ್ನೂ ಕೊಲ್ಲುವ ಟಿಆರ್-4 ಎಂಬ ಬಗೆ ಏಷ್ಯಾದಿಂದ ಹೊರಟು 2019ರಲ್ಲಿ ಕೊಲಂಬಿಯಾ ಮುಟ್ಟಿದೆ, ಬಿಹಾರದಲ್ಲೂ ಪತ್ತೆಯಾಗಿದೆ. ಎರಡೂ ಕಾಯಿಲೆಗಳಿಗೆ ಮದ್ದಿಲ್ಲ. ಪನಾಮಾದ ಶಿಲೀಂಧ್ರವಂತೂ ಮಣ್ಣಿನಲ್ಲಿ ದಶಕಗಳ ಕಾಲ ಕಾದು ಕೂರುತ್ತದೆ. ಹಾಗಾಗಿ ರೋಗ ಬಂದ ತಾಯಿಯ ಮರಿ ಎಷ್ಟೇ ಹಸಿರಾಗಿ ಕಂಡರೂ ಅದನ್ನು ನೆಡಕೂಡದು, ಕುಂಡದ ಮಣ್ಣನ್ನು ಬೇರೆ ಗಿಡದ ಬುಡಕ್ಕೂ ಸುರಿಯಕೂಡದು. ಬಂಚಿ ಟಾಪ್ ಆದರೆ ಹೇನು ಹಾರಿಹೋಗದಂತೆ ಮೊದಲು ಸೋಪಿನ ನೀರು ಸಿಂಪಡಿಸಿ, ನಂತರ ಗಡ್ಡೆ ಸಮೇತ ಕಿತ್ತು ಚೀಲದಲ್ಲಿ ಕಟ್ಟಬೇಕು.

ಇದೇ ಪನಾಮಾ ನಂಜನಗೂಡು ರಸಬಾಳೆಯನ್ನು ಅಳಿವಿನ ಅಂಚಿಗೆ ತಂದಿತು. ದೇವರಸನಹಳ್ಳಿಯ ಸುತ್ತ ತೋಟ ತುಂಬಿದ್ದ ತಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದರೂ ಬೆಳೆಯುವವರು ಬೆರಳೆಣಿಕೆಗೆ ಇಳಿದರು. ತಾರಸಿಯ ತೊಟ್ಟಿ ಇಲ್ಲಿ ಒಂದು ಸಣ್ಣ ಆಸರೆ ಆಗಬಲ್ಲದು. ರೋಗ ಇರುವುದು ತೋಟದ ಮಣ್ಣಿನಲ್ಲಿ. ತಾರಸಿಗೆ ಏರಿಸಿದ ಶುದ್ಧ ಮಣ್ಣಿನಲ್ಲಿ ಅದಿಲ್ಲ. ಅಂಗಾಂಶ ಕೃಷಿಯಿಂದ ಬಂದ ಸಸಿ ತಂದರೆ ದೊಡ್ಡ ಡ್ರಮ್ಮಿನಲ್ಲಿ ರಸಬಾಳೆಯನ್ನು ಬದುಕಿಸಬಹುದು. ಗೊನೆ ಚಿಕ್ಕದಾದೀತು, ಕಪಿಲೆಯ ದಡದ ಮಣ್ಣಿನ ರುಚಿಯೂ ಬಾರದು. ಆದರೂ ತಳಿ ಉಳಿಯಬೇಕೆನ್ನುವವರು ಇಷ್ಟನ್ನು ಮಾಡಲೇಬೇಕು.

ಬೆಂಗಳೂರಿನಲ್ಲಿ 2011ರಿಂದ ನಡೆದುಬಂದ 'ಊಟ ಫ್ರಂ ಯುವರ್ ತೋಟ'ದಂಥ ಮೇಳಗಳಲ್ಲಿ ತಾರಸಿ ತೋಟದವರು ಸೇರಿ ಬೀಜ, ಸಸಿ ಕೊಟ್ಟು ತೆಗೆದುಕೊಳ್ಳುತ್ತಾರೆ. ಈ ಕೊಡುಕೊಳ್ಳುವಿಕೆ ನಗರದ ಒಳ್ಳೆಯ ಸಂಪ್ರದಾಯ, ಬೆಳೆಯಬೇಕು. ಬಾಳೆ ಕಂದಿಗೆ ಮಾತ್ರ ಬೇರೆಯೇ ನಿಯಮ ಬೇಕು. ತೋಟಗಾರಿಕೆ ಇಲಾಖೆ ಲಾಲ್‌ಬಾಗಿನ ಜನವರಿ ಮತ್ತು ಆಗಸ್ಟ್ ಫಲಪುಷ್ಪ ಪ್ರದರ್ಶನಗಳಲ್ಲಿ ಕುಂಡಕ್ಕೆ ಒಗ್ಗುವ, ರೋಗ ಪರೀಕ್ಷೆಯಾದ ಬಾಳೆ ಸಸಿಗಳನ್ನು ತಳಿಯ ಹೆಸರು ಬರೆದು ಮಾರಲಿ. ಕಂದು ಬೇರ್ಪಡಿಸುವುದನ್ನು ಜನರ ಮುಂದೆ ಮಾಡಿ ತೋರಿಸಲಿ. ನರ್ಸರಿಗಳು ಚೀಟಿಯಲ್ಲಿ ತಳಿ, ಎತ್ತರ, ಸಸಿಯ ಮೂಲ ಬರೆಯಲಿ. ಮನೆಯವರು ಕಂದು ಕೇಳಿ ಬಂದವರನ್ನು ಮೊದಲು ತಾಯಿಗಿಡದ ಹತ್ತಿರ ಕರೆದೊಯ್ದು ಸುಳಿ, ಬುಡ ಎರಡನ್ನೂ ತೋರಿಸಲಿ. ಸಂಶಯ ಬಂದರೆ ಬೇಸರವಾದರೂ ಸರಿ, ಈ ಸಲ ಕೊಡುವುದಿಲ್ಲ ಎಂದು ಹೇಳಿಬಿಡಲಿ.